ಮಾಟಗಾತಿಯ ಕೈತೋಟದಲ್ಲಿ

ಸೋದರಿಯರೇ, ‘ಮಾಟಗಾತಿ’ ಎಂಬ ಮಾತು ಕಿವಿಗೆ ಬಿದ್ದರೆ ನಿಮ್ಮ ಕಣ್ಣಮುಂದೆ ಏನು ಬರುತ್ತದೆ? ಕೆದರಿದ ಕೂದಲು, ಕೆಂಪು ಕಣ್ಣು, ಮೂರು ದಾರಿ ಸೇರುವಲ್ಲಿ ಇಟ್ಟ ನಿಂಬೆಹಣ್ಣು ಕುಂಕುಮ, ಅಲ್ಲವೇ? ಇಂಗ್ಲಿಷ್ ಮಕ್ಕಳ ಕಥೆ ಓದಿದವರಿಗೆ ಚೂಪು ಟೋಪಿ ಹಾಕಿಕೊಂಡು ಪೊರಕೆಯ ಮೇಲೆ ಹಾರುವ ಮುದುಕಿ ನೆನಪಾಗಬಹುದು. ನಾನು ಕಂಡ ‘ವಿಚ್’ ಮಾತ್ರ ನೆಲಕ್ಕೆ ಮಂಡಿಯೂರಿ ಕಳೆ ಕೀಳುತ್ತಿದ್ದರು. ಕೈಗೆ ಹರಿದು ಹೊಲಿದ ಗ್ಲೌಸು, ಕಾಲಿಗೆ ರಬ್ಬರ್ ಬೂಟು, ಪಕ್ಕದಲ್ಲಿ ಒಂದು ಫ್ಲಾಸ್ಕ್ ಚಹಾ. ಅವರ ತೋಟದ ಸಂಗತಿಯನ್ನೂ, ಅವರ ಮಾತು ಕೇಳಿ ನಾವು ನೋಡಿಬಂದ ಎರಡು ಊರುಗಳ ಸಂಗತಿಯನ್ನೂ ನಿಮ್ಮೊಂದಿಗೆ ಹಂಚಿಕೊಳ್ಳೋಣ ಅಂತ ಈ ಬರಹ.

2023ರಲ್ಲಿ ತಂಗಿಯ ಬಾಣಂತನಕ್ಕೆಂದು ನಾನು ಇಂಗ್ಲೆಂಡಿನ ಬ್ರಿಸ್ಟಲ್ ನಗರಕ್ಕೆ ಹೋಗಿದ್ದೆ. ಅಮ್ಮನಿಗೆ ಮಂಡಿನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರರು. ಸರಿ, ಮನೆಯಲ್ಲಿ ಇವರಿಗೂ ಮಕ್ಕಳಿಗೂ ಡಬ್ಬಗಟ್ಟಲೆ ಸಾರಿನಪುಡಿ, ಚಟ್ನಿಪುಡಿ ಮಾಡಿಟ್ಟು, ಓಮ, ಒಣಶುಂಠಿ, ಸಾಂಬ್ರಾಣಿ ಗಂಟು ಕಟ್ಟಿಕೊಂಡು ಏಪ್ರಿಲ್ ತಿಂಗಳಲ್ಲಿ ಹೊರಟೆ. ಬ್ರಿಸ್ಟಲ್ ಏರುತಗ್ಗಿನ ಊರು, ನಮ್ಮ ಮಡಿಕೇರಿಯನ್ನು ನೆನಪಿಗೆ ತರುತ್ತದೆ. ಏವನ್ ನದಿಯ ಕಮರಿಗೆ 1864ರಲ್ಲಿ ತೆರೆದ ತೂಗುಸೇತುವೆಯೊಂದಿದೆ, ಇಂದಿಗೂ ಅದರ ಮೇಲೆ ಕಾರುಗಳು ಓಡುತ್ತವೆ. ಆದರೆ ಬಾಣಂತನಕ್ಕೆ ಹೋದವಳಿಗೆ ಊರು ನೋಡಲು ಪುರುಸೊತ್ತೆಲ್ಲಿ? ಮೇ ನಡುವಿನಲ್ಲಿ ಹೆಣ್ಣುಮಗು ಹುಟ್ಟಿತು. ಅಲ್ಲಿಂದ ಮುಂದೆ ನನ್ನ ಪ್ರಪಂಚ ಅಡುಗೆಮನೆ, ಬಚ್ಚಲು, ಬಾಲ್ಕನಿ.

ಒಂದು ದಿನ ತಂಗಿಗೆ ಎಣ್ಣೆನೀರು ಹಾಕಿ, ಬಾಲ್ಕನಿಯಲ್ಲಿ ಸಣ್ಣ ಇದ್ದಿಲ ಬಿಲ್ಲೆ ಹಚ್ಚಿ, ಅವಳ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದೆ. (ಮಗುವಿಗೆ ಹೊಗೆ ಬೇಡ ಅಂತ ಮನೆಗೆ ಬರುತ್ತಿದ್ದ ಮಿಡ್‌ವೈಫ್ ಹೇಳಿದ್ದರು. ಎಳೆ ಶ್ವಾಸಕೋಶಕ್ಕೆ ಅದು ಒಳ್ಳೆಯದಲ್ಲ, ನೀವೂ ಗಮನಿಸಿ.) ಪಕ್ಕದ ಬಾಲ್ಕನಿಯಲ್ಲಿ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ನಿಂತು ಮೂಗರಳಿಸಿ ನಕ್ಕರು. “ನನ್ನ ಪೂಜೆಗೂ ಇದನ್ನೇ ಹಾಕುತ್ತೇನೆ” ಅಂದರು. ಒಳಗೆ ಬಂದ ಮೇಲೆ ತಂಗಿ ಮೆಲ್ಲಗೆ ಹೇಳಿದಳು: “ಅಕ್ಕ, ಅವರು ವಿಕ್ಕಾ ಪಂಥದವರು. ವಿಚ್ ಅಂತಾರಲ್ಲ, ಅದೇ!” ಅವತ್ತು ಮಗುವಿನ ದೃಷ್ಟಿಬೊಟ್ಟು ಸ್ವಲ್ಪ ದೊಡ್ಡದೇ ಆಯಿತು ಅನ್ನಿ.

ಏನಿದು ವಿಕ್ಕಾ?

ಇದು ಸಾವಿರಾರು ವರ್ಷದಿಂದ ಹಾಗೇ ನಡೆದುಬಂದ ಮತ ಅಂತ ಕೆಲವರು ಹೇಳುವುದುಂಟು. ಇತಿಹಾಸ ಬಲ್ಲವರು ಇದನ್ನು ಒಪ್ಪುವುದಿಲ್ಲ. ಹಳೆಯ ಹಬ್ಬಗಳು, ಹಳೆಯ ನಂಬಿಕೆಗಳನ್ನು ಆಯ್ದುಕೊಂಡು ಇಪ್ಪತ್ತನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ರೂಪಗೊಂಡ ಹೊಸ ಮತ ಇದು. ಇದನ್ನು ಬೆಳಕಿಗೆ ತಂದವರು ಜೆರಾಲ್ಡ್ ಗಾರ್ಡ್‌ನರ್ (1884–1964). ಮಲಯ ದೇಶದಲ್ಲಿ ಸುಂಕದ ಅಧಿಕಾರಿಯಾಗಿದ್ದವರು. ಮಾಟದ ವಿರುದ್ಧದ ಹಳೆಯ ಕಾಯಿದೆಯನ್ನು ಬ್ರಿಟನ್ 1951ರಲ್ಲಿ ರದ್ದುಮಾಡಿತು. 1954ರಲ್ಲಿ ಗಾರ್ಡ್‌ನರ್ ಈ ಪಂಥದ ಬಗ್ಗೆ ಪುಸ್ತಕ ತಂದರು. ಪೂಜೆಯ ಮಾತುಗಳನ್ನು ಬಹುಮಟ್ಟಿಗೆ ತಿದ್ದಿ ಬರೆದವರು ಒಬ್ಬ ಹೆಂಗಸು, ಡೋರೀನ್ ವ್ಯಾಲಿಯಂಟೆ (1922–1999). ಬ್ರೈಟನ್ ನಗರದಲ್ಲಿ ಅವರು ವಾಸವಾಗಿದ್ದ ಸಾಧಾರಣ ಬಾಡಿಗೆ ಫ್ಲ್ಯಾಟಿನ ಕಟ್ಟಡಕ್ಕೆ 2013ರಲ್ಲಿ ಗೌರವದ ನೀಲಿ ಫಲಕ ಹಾಕಿದ್ದಾರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 13,000 ಜನ ತಮ್ಮ ಮತ ವಿಕ್ಕಾ ಅಂತ ಬರೆಸಿದ್ದಾರೆ.

ಅವರಲ್ಲಿ ಸೈತಾನನ ಪೂಜೆ ಇಲ್ಲ. ಒಬ್ಬಳು ದೇವಿ, ಒಬ್ಬ ದೇವರು. ದೇವಿಗೆ ಚಂದ್ರ ಪ್ರಿಯ. ವರ್ಷಕ್ಕೆ ಎಂಟು ಹಬ್ಬ, ಎಲ್ಲವೂ ಸೂರ್ಯನ ನಡೆಗೆ, ಬೆಳೆಗೆ ಸೇರಿದವು. ನಮ್ಮ ಉತ್ತರಾಯಣ, ದಕ್ಷಿಣಾಯನ ಇದ್ದ ಹಾಗೆ. ಆಗಸ್ಟ್ 1ಕ್ಕೆ ಹೊಸ ಧಾನ್ಯದ ಹಬ್ಬ, ಅವತ್ತು ಬ್ರೆಡ್ ಮಾಡುತ್ತಾರೆ. ನಮ್ಮ ಶಿವಮೊಗ್ಗ ಕಡೆಯ ಹೊಸ್ತಿನ ಊಟ ನೆನಪಾಯಿತು ನನಗೆ. ನಡತೆಗೆ ಮುಖ್ಯ ನಿಯಮ ಒಂದೇ: ಯಾರಿಗೂ ಕೇಡಾಗಬಾರದು. ಮಾಡಿದ್ದು ಮೂರುಪಟ್ಟಾಗಿ ತಿರುಗಿ ಬರುತ್ತದೆ ಅಂತಲೂ ಬಹಳ ಜನ ನಂಬುತ್ತಾರೆ. ಇನ್ನು ಅವರ ಮಾಟವೆಂದರೆ, ಮನಸ್ಸಿನ ಸಂಕಲ್ಪವನ್ನು ಒಂದು ಗಿಡಕ್ಕೋ ಮೇಣದಬತ್ತಿಗೋ ಒಪ್ಪಿಸಿ ಪ್ರಾರ್ಥಿಸುವುದು. ದೀಪ ಹಚ್ಚಿ ಹರಕೆ ಹೊರುವ ನಮಗೆ ಇದು ತೀರಾ ಹೊಸದೇನಲ್ಲ.

ಬಾಡಿಗೆ ನೆಲದ ತೋಟ

ಆಕೆಯ ಮನೆ ಎರಡು ಕೋಣೆಯದು. ಟಿ.ವಿ. ಇಲ್ಲ, ಕಾರಿಲ್ಲ. ಜಾಮ್ ಬಾಟಲಿಗಳನ್ನು ತೊಳೆದಿಟ್ಟು ಅದರಲ್ಲೇ ಸೊಪ್ಪು, ಬೀಜ, ಗುಂಡಿ ತುಂಬಿಡುತ್ತಾರೆ. ಅಂಗಡಿಯಿಂದ ಒಂದು ಸಾಮಾನು ಮನೆಗೆ ಬಂದರೆ ಒಂದು ಹೊರಗೆ ಹೋಗಬೇಕು ಅನ್ನುವುದು ಅವರ ಲೆಕ್ಕ. ಹಾಗಾದರೆ ತೋಟ ಎಲ್ಲಿ ಅಂತೀರಾ? ಇಂಗ್ಲೆಂಡಿನಲ್ಲಿ ‘ಅಲಾಟ್‌ಮೆಂಟ್’ ಅಂತ ಒಂದು ಒಳ್ಳೆಯ ಏರ್ಪಾಟಿದೆ. ನಗರಸಭೆಯವರು ನೆಲವನ್ನು ತುಂಡುಮಾಡಿ, ಮನೆಗೆ ಹಿತ್ತಿಲಿಲ್ಲದವರಿಗೆ ವರ್ಷದ ಬಾಡಿಗೆಗೆ ಕೊಡುತ್ತಾರೆ. 1908ರ ಕಾಯಿದೆಯೇ ಇದೆ ಇದಕ್ಕೆ. ವಾಡಿಕೆಯ ಒಂದು ತುಂಡೆಂದರೆ ಸುಮಾರು 250 ಚದರ ಮೀಟರು, ನಮ್ಮ ಅರವತ್ತು ನಲವತ್ತರ ಸೈಟಿಗಿಂತ ಸ್ವಲ್ಪ ದೊಡ್ಡದು. ಆಕೆ ತೆಗೆದುಕೊಂಡಿದ್ದು ಅದರಲ್ಲಿ ಅರ್ಧ.

ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ನಾವು ಸಂಜೆ ಹೊತ್ತು ಅಲ್ಲಿಗೆ ಹೋಗುವ ರೂಢಿಯಾಯಿತು. ಗೇಟಿನ ಎರಡು ಕಡೆ ರೋಸ್‌ಮೆರಿ. ಮನೆ ಕಾಯುವ ಗಿಡ, ನೆನಪಿನ ಗಿಡ ಅದು. ತೀರಿಕೊಂಡವರಿಗೂ ಅದರ ಕಡ್ಡಿ ಇಡುತ್ತಾರೆ. ಒಳಗೆ ನಿದ್ರೆಗೆ ಲ್ಯಾವೆಂಡರ್, ಧೈರ್ಯಕ್ಕೆ ಥೈಮ್, ಆಯುಸ್ಸಿಗೆ ಸೇಜ್. ಒಂದು ಮಡಿಯ ಮುಂದೆ ಬಗ್ಗಿ ಎಲೆ ಉಜ್ಜಿ ಮೂಸಿದೆ ನೋಡಿ, ಎದೆ ಝಲ್ಲೆಂದಿತು. ನಮ್ಮ ಮರುಗ! ಅವರ ಮಾರ್ಜೋರಂ ನಮ್ಮ ಮರುಗವೇ. ಮನೆಯಲ್ಲಿ ಸಂತೋಷ ನೆಲಸಲಿ ಅಂತ ಅವರು ಬೆಳೆಸುತ್ತಾರೆ, ನಾವು ಮಲ್ಲಿಗೆಯ ಜೊತೆ ಕಟ್ಟಿ ಮುಡಿಯುತ್ತೇವೆ. ಕನಸಿಗೆಂದು ಅವರು ದಿಂಬಿನಡಿ ಇಡುವ ಮಗ್‌ವರ್ಟ್ ನಮ್ಮ ಗಣೇಶನಿಗೆ ಏರಿಸುವ ಮಾಚಿಪತ್ರೆಯ ಬಳಗ, ದವನಕ್ಕೂ ಹತ್ತಿರದ ನೆಂಟ. ದೃಷ್ಟಿ ತಾಗದಿರಲಿ ಅಂತ ಬೆಳೆಸುವ ‘ರೂ’ ಎಂಬ ಗಿಡವೋ, ನಮ್ಮ ಅಜ್ಜಿಯರ ನಾಗದಾಳಿ! ಅದನ್ನು ಮುಟ್ಟಲು ಹೋದ ನನ್ನ ಕೈಗೆ ಆಕೆ ಗ್ಲೌಸು ಕೊಟ್ಟರು. ಅದರ ರಸ ಮೈಗೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದಂತೆ. “ಬಸುರಿಯರು ಇದನ್ನೂ ಮಗ್‌ವರ್ಟನ್ನೂ ಹೊಟ್ಟೆಗೆ ತೆಗೆದುಕೊಳ್ಳಲೇಬಾರದು” ಅಂತಲೂ ಹೇಳಿದರು.

ಬೇಲಿಯ ಪಕ್ಕ ಗಂಟೆಗಂಟೆಯಂಥ ನೇರಳೆ ಹೂವಿನ ಉದ್ದನೆಯ ಗಿಡ. ಹೆಸರು ಫಾಕ್ಸ್‌ಗ್ಲವ್. ಪೂರ್ತಿ ವಿಷ. ಅದರ ಕಥೆ ಕೇಳಿ. ವಿಲಿಯಂ ವಿದರಿಂಗ್ ಎಂಬ ವೈದ್ಯರು 1785ರಲ್ಲಿ ಈ ಗಿಡದ ಬಗ್ಗೆ ಒಂದು ಪುಸ್ತಕ ಬರೆದರು. ಮೈಯೆಲ್ಲ ನೀರು ತುಂಬಿ ಬಾತುಕೊಳ್ಳುವ ಕಾಯಿಲೆಗೆ ಶ್ರಾಪ್‌ಶೈರ್ ಸೀಮೆಯ ಒಬ್ಬ ಮುದುಕಿ ಗುಟ್ಟಿನ ಮದ್ದು ಕೊಡುತ್ತಿದ್ದಳಂತೆ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪು. ಕೆಲಸ ಮಾಡುವ ಸೊಪ್ಪು ಈ ಫಾಕ್ಸ್‌ಗ್ಲವ್ ಅಂತ ವಿದರಿಂಗ್ ಕಂಡುಹಿಡಿದು, ಅಳತೆ ಗೊತ್ತುಮಾಡಿದರು. ಹೃದಯದ ಕಾಯಿಲೆಗೆ ಇಂದಿಗೂ ಡಾಕ್ಟರು ಕೊಡುವ ಡಿಗಾಕ್ಸಿನ್ ಇದೇ ಕುಲದ ಗಿಡದಿಂದ ಬಂದದ್ದು. ವಿದರಿಂಗರ ಹೆಸರು ಲೋಕಕ್ಕೆಲ್ಲ ಗೊತ್ತು. ಆ ಮುದುಕಿಯ ಹೆಸರನ್ನು ಅವರು ಬರೆದಿಡಲಿಲ್ಲ.

ಪೊಟ್ಟಣವೂ ಬೇಕು, ಫೋನೂ ಬೇಕು

ಜೂನ್ ಕೊನೆಯಲ್ಲಿ ಮಗುವಿಗೆ ಆರು ವಾರ. ತಂಗಿ ಮಂಕಾದಳು. ಮಗು ಮಲಗಿದರೂ ಇವಳಿಗೆ ನಿದ್ದೆಯಿಲ್ಲ. ಕಾರಣವಿಲ್ಲದೆ ಕಣ್ಣೀರು. “ನನ್ನ ಕೈಲಿ ಆಗಲ್ಲ ಅಕ್ಕ” ಅನ್ನುತ್ತಿದ್ದಳು. ಅವಳ ಗಂಡನಿಗೆ ದಿಕ್ಕು ತೋಚದು. ಒಂದು ಸಂಜೆ ತೋಟದಲ್ಲಿ ಆಕೆ ತಂಗಿಯ ಮುಖ ನೋಡಿ, ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಒಂದು ಮಾತೂ ಆಡದೆ ಅವಳ ಕೈ ಹಿಡಿದುಕೊಂಡರು. ಆಮೇಲೆ ಲ್ಯಾವೆಂಡರ್ ತುಂಬಿದ ಪುಟ್ಟ ಪೊಟ್ಟಣ ಕೊಟ್ಟು, “ಇದು ದಿಂಬಿನ ಹತ್ತಿರ. ನಾಳೆ ಬೆಳಗ್ಗೆ ಡಾಕ್ಟರಿಗೆ ಫೋನು. ಎರಡೂ ಬೇಕು” ಅಂದರು.

ಆಗ ಮಡಿಯಲ್ಲಿ ಸೇಂಟ್ ಜಾನ್ಸ್ ವರ್ಟ್ ಎಂಬ ಹಳದಿ ಹೂ ಅರಳಿತ್ತು. ಮನಸ್ಸಿನ ಮಂಕಿಗೆ ಆ ದೇಶದಲ್ಲಿ ಹೆಸರಾದ ಮದ್ದು ಅದು. ಅದನ್ನು ಕೇಳಿದ್ದಕ್ಕೆ ಆಕೆ ತಲೆಯಾಡಿಸಿದರು. ಬೇರೆ ಮಾತ್ರೆಗಳ ಜೊತೆ ಅದು ಜಗಳವಾಡುತ್ತದೆ, ಕುಟುಂಬ ಯೋಜನೆಯ ಗುಳಿಗೆಯ ಶಕ್ತಿಯನ್ನೂ ಕುಂದಿಸುತ್ತದೆ, ಹಾಲು ಕುಡಿಸುವ ತಾಯಿ ಡಾಕ್ಟರನ್ನು ಕೇಳದೆ ಮುಟ್ಟಬಾರದು ಅಂದರು. “ಗಿಡದ ಕೆಲಸ ಗಿಡಕ್ಕೆ, ಡಾಕ್ಟರ ಕೆಲಸ ಡಾಕ್ಟರಿಗೆ” ಎಂಬುದು ಅವರ ಮಾತು. ಡಾಕ್ಟರು ಗಂಭೀರವಾಗಿ ವಿಚಾರಿಸಿದರು, ನರ್ಸು ವಾರ ವಾರ ಮನೆಗೆ ಬಂದು ಮಾತಾಡಿಸಿದರು. ಜುಲೈ ಮುಗಿಯುವಷ್ಟರಲ್ಲಿ ತಂಗಿ ಮತ್ತೆ ನಗತೊಡಗಿದಳು. ಹೆರಿಗೆಯ ನಂತರದ ಈ ಮಂಕು ಸೋಮಾರಿತನವಲ್ಲ, ಗ್ರಹಚಾರವೂ ಅಲ್ಲ, ಕಾಯಿಲೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ದಯವಿಟ್ಟು ತಡಮಾಡಬೇಡಿ.

ಇಂಥ ಹೆಂಗಸು, ತಾವು ಕೆಲಸ ಮಾಡುತ್ತಿದ್ದ ಜಾಗದಲ್ಲಿ ತಮ್ಮ ಮತ ಯಾವುದು ಅಂತ ವರ್ಷಗಟ್ಟಲೆ ಯಾರಿಗೂ ಹೇಳಿಕೊಂಡಿರಲಿಲ್ಲ. “ವಿಚ್ ಅಂದರೆ ಜನ ಊಟದ ಮೇಜಿನಿಂದ ಎದ್ದುಹೋಗ್ತಾರೆ” ಅಂದರು. “ನಮ್ಮನ್ನು ಅರ್ಥಮಾಡಿಕೊಳ್ಳಬೇಕಾದರೆ ಎಕ್ಸೆಟರ್ ನೋಡಿ, ಆಮೇಲೆ ಬಾಸ್‌ಕಾಸಲ್ ನೋಡಿ” ಅಂತ ಕಳಿಸಿದವರೂ ಅವರೇ.

ಕೋಟೆಬಾಗಿಲ ಫಲಕ

ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಗ್ಗೆ ತಂಗಿಯ ಗಂಡ ಕಾರು ತೆಗೆದರು. ಮೊಸರನ್ನ, ಚಪಾತಿ ಸುರುಳಿ, ಮಗುವಿನ ಸಾಮಾನು, ನಾವು ಮೂವರು. ದಕ್ಷಿಣಕ್ಕೆ ಒಂದೂವರೆ ಗಂಟೆಯ ದಾರಿಗೆ ಎಕ್ಸೆಟರ್. ಅಲ್ಲಿ ಕೆಂಪುಕಲ್ಲಿನ ಹಳೆಯ ಕೋಟೆಬಾಗಿಲು. ಅದರ ಗೋಡೆಗೆ ನಾಲ್ಕು ಹೆಂಗಸರ ಹೆಸರಿನ ಫಲಕ. ಟೆಂಪರೆನ್ಸ್ ಲಾಯ್ಡ್, ಸುಸಾನಾ ಎಡ್ವರ್ಡ್ಸ್, ಮೇರಿ ಟ್ರೆಂಬಲ್ಸ್, ಇವರು ಬೈಡ್‌ಫರ್ಡ್ ಊರಿನವರು, 1682. ನಾಲ್ಕನೆಯವಳು ಆಲಿಸ್ ಮಾಲೆಂಡ್, 1685. ಮಾಟದ ಆರೋಪದ ಮೇಲೆ ಇಂಗ್ಲೆಂಡಿನಲ್ಲಿ ಕಡೆಯದಾಗಿ ಗಲ್ಲಿಗೇರಿದವರು ಇವರು ಅಂತ ಫಲಕ ಹೇಳುತ್ತದೆ.

ಬೈಡ್‌ಫರ್ಡಿನ ಆ ಮೂವರು ಮಂತ್ರ ಕಲಿತವರಲ್ಲ, ಬೇಡಿ ತಿನ್ನುವ ಬಡವರು. ಊರಿನ ಒಬ್ಬ ಹೆಂಗಸಿಗೆ ಕಾಯಿಲೆಯಾಯಿತು. ಯಾರೋ ಕೇಡು ಮಾಡಿರಬೇಕು ಅಂತ ಮಾತು ಹುಟ್ಟಿತು. ಕಿಟಕಿಯ ಹತ್ತಿರ ಒಂದು ಹಕ್ಕಿ ಬಂದು ಹೋದದ್ದೂ ಸಾಕ್ಷಿಯಾಯಿತು! ಮಗುವನ್ನು ಎದೆಗವಚಿಕೊಂಡು ನಿಂತ ತಂಗಿ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದಳು. ನಾನು ಕೈಮುಗಿದೆ. ಇನ್ನೇನು ಮಾಡಲಿ ಹೇಳಿ?

ಕಡಲಂಚಿನ ಬಾಸ್‌ಕಾಸಲ್

ಅಲ್ಲಿಂದ ಪಶ್ಚಿಮಕ್ಕೆ ಕಾರ್ನ್‌ವಾಲ್ ಸೀಮೆ. ಕೊನೆಯ ಹಾದಿ ಎಷ್ಟು ಕಿರಿದು ಅಂತೀರಿ! ಎರಡೂ ಕಡೆ ಎತ್ತರದ ಹಸಿರು ಬೇಲಿ, ಎದುರು ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಬೇಕು. ನಮ್ಮ ಮಲೆನಾಡಿನ ತೋಟದ ದಾರಿಯೇ ಸೈ. ಇಳಿದಿಳಿದು ಹೋದರೆ ಎರಡು ಗುಡ್ಡದ ನಡುವೆ ಒಂದು ಹಿಡಿಯಷ್ಟು ಊರು. ಕಪ್ಪು ಕಲ್ಲಿನ ಹಲಗೆ ಹೊದಿಸಿದ ಮಾಡು, ಊರ ನಡುವೆ ವ್ಯಾಲೆನ್ಸಿ ಎಂಬ ಸಣ್ಣ ಹೊಳೆ, ಹಾವಿನಂತೆ ಹೊರಳಿ ಒಳಬಂದ ಕಡಲಿನ ತೋಳು. ಅಲೆ ತಡೆಯುವ ಕಲ್ಲುಗೋಡೆಯನ್ನು ಮೊದಲು ಕಟ್ಟಿಸಿದ್ದು 1584ರಲ್ಲಿ. ಹಸಿವಾಗಿತ್ತು, ಒಂದು ಅಂಗಡಿಯಲ್ಲಿ ಈರುಳ್ಳಿ ಚೀಸ್ ತುಂಬಿದ ‘ಪಾಸ್ಟಿ’ ಕೊಂಡೆವು. ನೋಡಿದರೆ ನಮ್ಮ ಕರಿಗಡುಬು! ದೊಡ್ಡದು, ಖಾರದ್ದು, ಒಲೆಯಲ್ಲಿ ಬೇಯಿಸಿದ್ದು, ಅಷ್ಟೇ. ತವರದ ಗಣಿಗೆ ಇಳಿಯುತ್ತಿದ್ದ ಗಂಡಸರಿಗೆ ಹೆಂಗಸರು ಕಟ್ಟಿಕೊಡುತ್ತಿದ್ದ ಬುತ್ತಿಯಂತೆ ಅದು.

ಹೊಳೆಯ ಪಕ್ಕದಲ್ಲೇ ಮಾಟ ಮಂತ್ರದ ಮ್ಯೂಸಿಯಂ. ಇದನ್ನು ಕಟ್ಟಿದ ಸೆಸಿಲ್ ವಿಲಿಯಮ್‌ಸನ್ ಎಂಬವರು 1951ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಶುರುಮಾಡಿ, ಆಮೇಲೆ ಬೇರೆ ಊರುಗಳಿಗೆ ಸಾಗಿಸಿ, ಅಲ್ಲಿ ಜನರ ವಿರೋಧ ಎದುರಿಸಿ, 1960ರಲ್ಲಿ ಬಾಸ್‌ಕಾಸಲ್‌ಗೆ ತಂದರು. ಒಳಗೆ ತಗ್ಗಿನ ಮಾಡು, ಮಂದ ಬೆಳಕು. ನಾವಿಕರಿಗೆ ಗಾಳಿ ಮಾರುತ್ತಿದ್ದ ಹಗ್ಗದ ಕಥೆ ಅಲ್ಲಿದೆ. ಹಗ್ಗಕ್ಕೆ ಮೂರು ಗಂಟು, ಒಂದು ಬಿಚ್ಚಿದರೆ ತಂಗಾಳಿ, ಮೂರೂ ಬಿಚ್ಚಿದರೆ ಬಿರುಗಾಳಿ! ಕೇಡು ಬಯಸಿ ಮಾಡಿದ ಬೊಂಬೆಗಳೂ ಇವೆ. ಮನುಷ್ಯರ ಹೊಟ್ಟೆಕಿಚ್ಚು ಎಲ್ಲ ದೇಶದಲ್ಲೂ ಒಂದೇ ಅನ್ನಿಸಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹಳ್ಳಿಯ ನಾಟಿವೈದ್ಯೆಯ ಗುಡಿಸಲಿನ ದೃಶ್ಯ. ಬೊಂಬೆಯ ಮುದುಕಿ, ಮಾಡಿನಿಂದ ತಲೆಕೆಳಗಾಗಿ ತೂಗುವ ಸೊಪ್ಪಿನ ಕಟ್ಟು, ಮೇಜಿನ ಮೇಲೆ ಅವಳ ಸಾಮಾನು. ನಮ್ಮಜ್ಜಿಯ ಅಟ್ಟ ನೋಡಿದ ಹಾಗಾಯಿತು. ಇಂಥ ಹೆಂಗಸರ ಹತ್ತಿರ ಊರಿನವರು ಸುಟ್ಟಗಾಯಕ್ಕೆ, ನರಹುಲಿಗೆ, ಕಳೆದ ವಸ್ತು ಹುಡುಕಲಿಕ್ಕೆ ಹೋಗುತ್ತಿದ್ದರು. ಮದ್ದು ಬೇಕಾದಾಗ ಬಲ್ಲವಳು, ಹಸು ಸತ್ತ ದಿನ ಮಾಟಗಾತಿ!

2004ರ ಆಗಸ್ಟ್ 16ರಂದು ಈ ಊರಿಗೆ ದೊಡ್ಡ ಪ್ರವಾಹ ಬಂತು. ಕೆಲವೇ ಗಂಟೆಗಳ ಮಳೆಗೆ ಹೊಳೆ ಉಕ್ಕಿ ಕಾರುಗಳು ಕಡಲಿಗೆ ತೇಲಿಹೋದವು. ಹೆಲಿಕಾಪ್ಟರುಗಳು ಮಾಡಿನ ಮೇಲಿಂದ ಜನರನ್ನು ಎತ್ತಿದವು, ಪುಣ್ಯಕ್ಕೆ ಒಂದು ಜೀವವೂ ಹೋಗಲಿಲ್ಲ. ಮ್ಯೂಸಿಯಮ್ಮಿನ ಒಳಗೂ ಕೆಸರು ನುಗ್ಗಿತ್ತು. ತೊಳೆದು ಒರೆಸಿ ಮರುವರ್ಷ ಮತ್ತೆ ತೆರೆದರು. ಹೋಗುವವರು ಗಮನಿಸಿ, ಚಳಿಗಾಲದಲ್ಲಿ ಮುಚ್ಚಿರುತ್ತದೆ.

ನಮ್ಮ ಬೀದಿಯ ಅಜ್ಜಿ

ಇದೆಲ್ಲ ಆ ದೇಶದ ಹಳೆಯ ಕಥೆ ಅಂತ ನಾವು ನಿಟ್ಟುಸಿರು ಬಿಟ್ಟು ಸುಮ್ಮನಿರಬಹುದೇ? ಹೆಂಗಸರಿಗೆ ‘ಡಾಯನ್’ ಎಂಬ ಪಟ್ಟ ಕಟ್ಟಿ ಹಿಂಸಿಸುವುದನ್ನು ತಡೆಯಲು ಬಿಹಾರ 1999ರಲ್ಲಿ ಕಾಯಿದೆ ಮಾಡಬೇಕಾಯಿತು, ಜಾರ್ಖಂಡ್ 2001ರಲ್ಲಿ. ನಮ್ಮ ಕರ್ನಾಟಕದಲ್ಲೂ ದುಷ್ಟ ಪದ್ಧತಿ ಮತ್ತು ವಾಮಾಚಾರವನ್ನು ತಡೆಯುವ 2017ರ ಕಾಯಿದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು, ಬೀದಿಯಲ್ಲೂ ಇರಬೇಕು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಗಂಡ ಮಕ್ಕಳಿಲ್ಲ. ಹಿತ್ತಿಲ ತುಂಬ ಸೊಪ್ಪು, ಬೇರು. ಅವರ ಕೈಯಿಂದ ಏನೂ ತಿನ್ನಬೇಡಿ ಅಂತ ಮಕ್ಕಳಿಗೆ ಹೇಳಿಕೊಡುವ ಮನೆಗಳಿವೆ. ಸೆಪ್ಟೆಂಬರಿನಲ್ಲಿ ಊರಿಗೆ ಬಂದವಳು ಒಂದು ನೋಟ್‌ಬುಕ್ ಹಿಡಿದು ಅವರ ಜಗಲಿಯಲ್ಲಿ ಕೂತೆ. ಈವರೆಗೆ ಮೂವತ್ತೊಂದು ಗಿಡ ಬರೆದುಕೊಂಡಿದ್ದೇನೆ. ಒಂದೆಲಗ, ದೊಡ್ಡಪತ್ರೆ ನನಗೂ ಗೊತ್ತಿದ್ದವೇ. ಆದರೆ ನಾಗದಾಳಿಯ ಹತ್ತಿರ ಬಂದಾಗ ಅಜ್ಜಿ ಅಂದದ್ದು ಕೇಳಿ: “ಬಸುರಿ ಹೆಂಗಸರು ಇದರ ತಂಟೆಗೆ ಹೋಗಬಾರದು ಕಣಮ್ಮ.” ಇಂಗ್ಲಿಷಿನ ಒಂದು ಅಕ್ಷರ ಓದದ ಅಜ್ಜಿ, ಕನ್ನಡ ಎಂಬ ಭಾಷೆ ಇದೆಯೆಂದು ಕೇಳಿರದ ಆಕೆ, ಇಬ್ಬರ ಬಾಯಲ್ಲೂ ಒಂದೇ ಎಚ್ಚರಿಕೆ! ನಾನು ಜಗಲಿಯಲ್ಲಿ ಕೂರುವುದನ್ನು ಕಂಡು ಈಗ ಬೀದಿಯ ಒಂದಿಬ್ಬರು ಗೃಹಿಣಿಯರೂ ಬಂದು ಕೂರುತ್ತಾರೆ.

ನಿಮ್ಮ ಮನೆಯಂಗಳಕ್ಕೆ

ಅಲ್ಲಿಂದ ಗಿಡ, ಬೀಜ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಪ್ರಮಾಣಪತ್ರ ಕೇಳುತ್ತಾರೆ. ಚಿಂತೆ ಬೇಡ, ರೋಸ್‌ಮೆರಿ ನಮ್ಮ ನರ್ಸರಿಗಳಲ್ಲೇ ಸಿಗುತ್ತದೆ. ನಾಲ್ಕು ಬೆರಳುದ್ದದ ಎಳೆ ಕಡ್ಡಿ ಮುರಿದು, ಕೆಳಗಿನ ಎಲೆ ಬಿಡಿಸಿ, ಮರಳು ಬೆರೆಸಿದ ಮಣ್ಣಿಗೆ ಊರಿ. ತಿಂಗಳೊಪ್ಪತ್ತಿನಲ್ಲಿ ಬೇರು ಬಿಡುತ್ತದೆ. ಬಿಸಿಲು ಬೇಕು, ನೀರು ಹಿತಮಿತವಾಗಿ ಸಾಕು. ಮಳೆಗಾಲದಲ್ಲಿ ಸೂರಿನಡಿಗೆ ಸರಿಸಿಡಿ, ಬುಡ ಕೊಳೆತರೆ ಗಿಡ ಹೋಯಿತು. ಮರುಗ, ಕಾಮಕಸ್ತೂರಿಗಳಿಗೂ ಒಂದೊಂದು ಕುಂಡ. ಪುದೀನ ಬೇರು ಬಿಟ್ಟು ಹಬ್ಬಿಕೊಳ್ಳುತ್ತದೆ, ಅದಕ್ಕೆ ಬೇರೆಯದೇ ಕುಂಡ ಇರಲಿ.

ಸೊಪ್ಪು ಕೀಳುವುದು ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ಹೂ ಬಿಡುವ ಮುಂಚೆ. ಮೂರನೇ ಒಂದು ಪಾಲಿಗಿಂತ ಹೆಚ್ಚು ಕೀಳಬೇಡಿ. ಆಕೆ ಮೊದಲು ಗಿಡಕ್ಕೆ ನೀರು ಹನಿಸಿ, ಕೇಳಿಕೊಂಡು, ಆಮೇಲೆ ಕತ್ತರಿಸುತ್ತಿದ್ದರು. ದ್ವಾದಶಿಯ ದಿನ ತುಳಸಿ ಕೀಳದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಕಟ್ಟುಮಾಡಿ ನೆರಳಲ್ಲಿ ತಲೆಕೆಳಗಾಗಿ ತೂಗಿ, ಗರಿಗರಿಯಾದ ಮೇಲೆ ಗಾಜಿನ ಬಾಟಲಿಗೆ ತುಂಬಿ. ಬೇಯಿಸಿದ ಅರ್ಧ ಕಿಲೋ ಆಲೂಗಡ್ಡೆಗೆ ಎರಡು ಚಮಚ ಎಣ್ಣೆ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಒಣ ರೋಸ್‌ಮೆರಿ, ಉಪ್ಪು, ಮೆಣಸಿನಪುಡಿ ಹಾಕಿ ಕಾವಲಿಯ ಮೇಲೆ ಕೆಂಪಗೆ ಹುರಿಯಿರಿ. ಮಕ್ಕಳು ತಟ್ಟೆ ನೆಕ್ಕುತ್ತಾರೆ. ಬಟ್ಟೆ ಪೆಟ್ಟಿಗೆಗೆ ಲ್ಯಾವೆಂಡರ್ ಇಲ್ಲದಿದ್ದರೇನಂತೆ, ಒಣಗಿದ ದವನ, ಲಾವಂಚದ ಬೇರು ಪೊಟ್ಟಣ ಕಟ್ಟಿ ಇಡಿ.

ಇದರಲ್ಲಿ ಮಾಟ ಎಲ್ಲಿದೆ ಅಂತ 2023ರ ಆ ಬೇಸಿಗೆಯಲ್ಲಿ ನಾನೂ ಆಕೆಯನ್ನು ಕೇಳಿದ್ದೆ. “ದಿನಾ ಬೆಳಗ್ಗೆ ಎದ್ದು ಇನ್ನೊಂದು ಜೀವವನ್ನು ವಿಚಾರಿಸಿಕೊಳ್ಳುತ್ತೀಯಲ್ಲ, ಅಲ್ಲೇ ಇದೆ” ಅಂದಿದ್ದರು. ಇದು ನಿಮಗೆಲ್ಲ ಗೊತ್ತಿರುವ ಮಾಟವೇ. ನಿಮ್ಮ ಅತ್ತೆಗೋ, ಚಿಕ್ಕಮ್ಮನಿಗೋ, ಹಿಂದಿನ ಬೀದಿಯ ಮುದುಕಮ್ಮನಿಗೋ ಯಾವ ಸೊಪ್ಪು ಯಾವುದಕ್ಕೆ, ಯಾವುದು ಯಾರಿಗೆ ಕೂಡದು ಅಂತ ಗೊತ್ತಿರುತ್ತದೆ. ಈ ವಾರವೇ ಹೋಗಿ ಕೂತು, ಕೇಳಿ, ಬರೆದಿಡಿ. ಪುಟದ ಮೇಲೆ ಮೊದಲು ಅವರ ಹೆಸರು ಬರೆಯುವುದನ್ನು ಮಾತ್ರ ಮರೆಯಬೇಡಿ.